ಪಂಚಾಕ್ಷರಿಯ ತಿದ್ದುಪಡಿ

ಹೋದ ತಿಂಗಳು ತೀರಿಕೊಂಡ ನನ್ನ ಗೆಳೆಯ ಪಂಚಾಕ್ಷರಿಗೆ ಒಂದೇ ಧ್ಯಾನ: ಕಷ್ಟಕ್ಕೆ ಬಿದ್ದ ಯೂರೋ ನಾಣ್ಯದ ದೇಶವನ್ನು ಉಳಿದವು ಎತ್ತಿ ನಿಲ್ಲಿಸುವ ಒಪ್ಪಂದದ ತಿದ್ದುಪಡಿ. ಯಾವ ದೇಶದ ಸಂಸತ್ತು ಅದನ್ನು ಒಪ್ಪಿ ಕಾಯ್ದೆ ಮಾಡಿದರೂ ಇವನು ನಾವಿದ್ದ ಓಲ್ಡ್ ಬ್ರಿಡ್ಜ್ ಊರಿನಲ್ಲಿ ಪೇಢೆ ಹಂಚುತ್ತಿದ್ದ. ನಾಮಕರಣಕ್ಕೆ ಬಂದವರನ್ನೂ ಹಿಡಿದು ನಿಲ್ಲಿಸಿ, 'ಒಬ್ರು ಒಪ್ಪಲಿಲ್ಲಂದ್ರೂ ಜಾರಿ ಆಗಂಗಿಲ್ಲ ನೋಡ್ರಿ!' ಎನ್ನುತ್ತಿದ್ದ. ಕಾಯಿಲೆ ಬಿದ್ದಾಗ ಗೆಳೆಯರಾದ ನಮ್ಮ ನಾಲ್ಕು ಮನೆಗಳಿಗೂ ಅಂಥದೇ ಒಪ್ಪಂದ ಬರೆದ: ಯಾರು ಮೊದಲು ಹೋದರೂ ಆ ಮನೆಯವರನ್ನು ಉಳಿದವರು ಒಂಟಿ ಬಿಡಬಾರದು. ಅವನೂ ಇನ್ನಿಬ್ಬರೂ ಸಹಿ ಹಾಕಿದರು. ಹಾಕಿದರೆ ಅವನನ್ನು ಕಳಿಸಿಕೊಟ್ಟಂತೆ ಎಂದು ನಾನು ಮುಂದೂಡುತ್ತಿದ್ದೆ. 'ಶೈಲಾ ಒಬ್ಬಾಕಿನ ಆಗ್ತಾಳಲೇ ಪ್ರಭಾಕರ, ನಿಂದೊಂದ ಸಹಿ ಉಳದೈತಿ' ಎಂದ. ಹಾಕಿದೆ. 'ಆತ್ ಬಿಡು, ಇನ್ನ ಚಿಂತಿ ಇಲ್ಲ' ಎಂದವನು, ವಾರಗಟ್ಟಲೆ ನಿದ್ದೆಯಿಲ್ಲದವನು, ಆ ಮಧ್ಯಾಹ್ನ ಗೊರಕೆ ಹೊಡೆದ. ಅವನ ಹೆಂಡತಿ ಶೈಲಮ್ಮನೂ ನಾನೂ ಅದನ್ನೇ ಕೇಳುತ್ತ ಕುಳಿತೆವು.