ಹನ್ನೆರಡನೆಯ ಮಗುವಿನ ಕುಸುರೆಳ್ಳು

ಶ್ರೀದೇವಿಯ ಮನೆಯಲ್ಲಿ ಒಂದು ಹಿತ್ತಾಳೆ ಪರಾತವಿತ್ತು. ಪರಾತವೆಂದರೆ ಅಂಚು ಎದ್ದಿರುವ ಅಗಲ ತಟ್ಟೆ. ಮದುವೆಯಾಗಿ ಬೆಳಗಾವಿಯಿಂದ ಅಮೆರಿಕಕ್ಕೆ ಬರುವಾಗ ಸೀರೆಗಳ ನಡುವೆ ಸುತ್ತಿ ತಂದಿದ್ದಳಂತೆ. ವರ್ಷವಿಡೀ ಗ್ಯಾರೇಜಿನಲ್ಲಿ ಕೂತಿರುತ್ತಿದ್ದ ಅದು ಜನವರಿ ಬಂತೆಂದರೆ ಒಲೆ ಏರುತ್ತಿತ್ತು. ಸಂಕ್ರಾಂತಿಯ ಕುಸುರೆಳ್ಳು ಆಗುತ್ತಿದ್ದದ್ದು ಅದರಲ್ಲೇ.

ನಾನು ಮೈಸೂರಿನವಳು. ನಮ್ಮಲ್ಲಿ ಸಕ್ಕರೆ ಅಚ್ಚು ಹುಯ್ಯುತ್ತಿದ್ದೆವು, ಕುಸುರೆಳ್ಳನ್ನು ಅಂಗಡಿಯಿಂದ ತರುತ್ತಿದ್ದೆವು. ಅದನ್ನು ಹೇಗೆ ಮಾಡುತ್ತಾರೆಂದು ಶ್ರೀದೇವಿ ಹೇಳಿದ ಮೇಲೆಯೇ ನನಗೆ ತಿಳಿದದ್ದು. ಪರಾತದಲ್ಲಿ ಎಳ್ಳು ಹರಡಿ, ಸಣ್ಣ ಉರಿಯ ಮೇಲಿಟ್ಟು, ಸಕ್ಕರೆ ಪಾಕವನ್ನು ಚಮಚ ಚಮಚವಾಗಿ ಬಿಡಬೇಕು. ಬಿಟ್ಟಾಗಲೆಲ್ಲ ಬೆರಳ ತುದಿಯಿಂದ ಕಾಳನ್ನು ಆಡಿಸುತ್ತಲೇ ಇರಬೇಕು. ಮೊದಲ ದಿನ ಎಳ್ಳು ಬರೀ ಬೆಳ್ಳಗಾಗುತ್ತದೆ. ಮೂರನೆಯ ದಿನಕ್ಕೆ ಮೈತುಂಬ ಸಣ್ಣ ಸಣ್ಣ ಮುಳ್ಳು ಏಳುತ್ತದೆ. ಕಾವು ಹೆಚ್ಚಾದರೆ ಸಕ್ಕರೆ ಹಳದಿಯಾಗುತ್ತದೆ, ಕಡಿಮೆಯಾದರೆ ಕಾಳುಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆ. ಕಾವು ಎಷ್ಟಿದೆ ಎಂದು ಹೇಳುವುದು ಬೆರಳೇ. ಬೇರೆ ಅಳತೆ ಇಲ್ಲ.

ಆ ಕಾಳುಗಳಿಗೆ ಒಂದೊಂದಾಗಿ ದಾರದ ಕುಣಿಕೆ ಹಾಕಿ, ಜರಿ ಸೇರಿಸಿ ಅವಳು ಒಡವೆ ಕಟ್ಟುತ್ತಿದ್ದಳು. ಮಗುವಿನ ಮೊದಲ ಸಂಕ್ರಾಂತಿಗೆ ಕಿರೀಟ, ಸರ, ಕೈಬಳೆ, ಸೊಂಟಪಟ್ಟಿ. ಮಗು ಅದನ್ನು ತೊಟ್ಟುಕೊಳ್ಳುವುದು ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಕಿತ್ತು ತಿನ್ನುವುದೇ. ಕೇರಿ ಎಂಬ ಆ ಅಮೆರಿಕದ ಊರಿನ ಸುತ್ತಮುತ್ತ ಹನ್ನೊಂದು ಕನ್ನಡದ ಮಕ್ಕಳಿಗೆ ಹೀಗೆ ಕಟ್ಟಿಕೊಟ್ಟಿದ್ದಳು. ಗಂಡ ಕರಬಸಪ್ಪ ಅದಕ್ಕೆ ಹಾಸ್ಯ ಮಾಡುತ್ತಿದ್ದರು: "ಹನ್ನೊಂದು ಹುಡುಗರ ಹಲ್ಲಿಗೆ ಹುಳ ಹಚ್ಚೀದಿ. ಇನ್ನೊಂದು ಹಚ್ಚಿದ್ರ ಡಜನ್ ಆಗತೈತಿ."

ಹನ್ನೆರಡನೆಯದು ನನ್ನ ಮೊಮ್ಮಗಳದಾಗಬೇಕಿತ್ತು. ತೊಂಬತ್ತಾರರ ಜೂನ್ ತಿಂಗಳಲ್ಲಿ ಮಗಳು ಊರ್ಮಿಳಾಳ ಬಾಣಂತನಕ್ಕೆಂದು ನಾನು ಬಂದಿಳಿದೆ. ಎರಡು ಮನೆ ಆಚೆಗಿದ್ದ ಶ್ರೀದೇವಿ ಆ ವಾರವೇ ಬಂದು, ಮಗಳ ಹೊಟ್ಟೆ ನೋಡಿ, "ಮೊದಲನೇ ಸಂಕ್ರಾಂತಿ ಒಡವಿ ನನ್ನ ಕಡೆ ಬಿಡ್ರಿ ಅಮ್ಮಾರ" ಎಂದು ಮಾತು ಕೊಟ್ಟಳು. ಜೋರು ದನಿ, ಕುಕ್ಕರಿನ ಸೀಟಿಯ ಮೇಲೂ ಕೇಳುವಂಥ ನಗು. ಜುಲೈಯಲ್ಲಿ ಮಗು ಹುಟ್ಟಿತು. ಅದೇ ತಿಂಗಳು ಶ್ರೀದೇವಿಯ ಎದೆಯಲ್ಲಿ ಗಂಟು ಸಿಕ್ಕಿ ಆಪರೇಷನ್ ಆಯಿತು.

ಆಮೇಲೆ ಔಷಧಿ. ಮೂರು ವಾರಕ್ಕೊಂದು ಸಲ ರಕ್ತನಾಳಕ್ಕೆ ಏರಿಸುವುದು. ಸೆಪ್ಟೆಂಬರಿನ ಬಿರುಗಾಳಿಗೆ ಮರಗಳು ಉರುಳಿ ಐದು ದಿನ ಕರೆಂಟಿರಲಿಲ್ಲ; ಅವಳಿಗೆ ಕೂದಲು ಉದುರಿದ್ದು ಆಗಲೇ. ಅವಳು ಅಳಲಿಲ್ಲ. ಊಟ ತೆಗೆದುಕೊಂಡು ಹೋದರೆ "ಇಡ್ರಿ" ಎನ್ನುತ್ತಿದ್ದಳು, ಕೂತರೆ "ಕೂಡ್ರಿ" ಎನ್ನುತ್ತಿದ್ದಳು. ಟಿವಿ ಹಚ್ಚಿದ್ದರೆ ನೋಡುತ್ತಿದ್ದಳು, ಆರಿಸಿದರೂ ಅದೇ ಕಡೆ ನೋಡುತ್ತಿದ್ದಳು. ಡಿಸೆಂಬರಿನ ಹೊತ್ತಿಗೆ ಬೆರಳ ತುದಿಗಳಿಗೆ ಸ್ಪರ್ಶವೇ ಇಲ್ಲದಾಯಿತು. ರವಿಕೆಯ ಹುಕ್ಕು ಸಿಗದು, ಲೋಟ ಹಿಡಿದರೆ ಜಾರುವುದು. ಔಷಧಿಯಿಂದ ಹೀಗಾಗುತ್ತದೆ, ವರ್ಷದಲ್ಲಿ ಸರಿಹೋದರೂ ಹೋದೀತು, ಹೋಗದೆಯೂ ಇದ್ದೀತು ಎಂದರಂತೆ ಡಾಕ್ಟರು.

ಹೊಸ ವರ್ಷ ಕಳೆದ ಮೊದಲ ಶನಿವಾರ ಬೆಳಿಗ್ಗೆ ಸಾರು ಕೊಡಲು ಹೋದೆ. ಒಲೆಯ ಮೇಲೆ ಪರಾತವಿತ್ತು. ಕರೆಂಟಿನ ಒಲೆಯ ಕಾವು ಒಂದೇ ಕಡೆ ಹತ್ತುತ್ತದೆಂದು ಅದರ ಕೆಳಗೆ ಕಬ್ಬಿಣದ ಹಂಚು ಇಟ್ಟಿದ್ದಳು. ತಲೆಗೆ ಸ್ಕಾರ್ಫು ಕಟ್ಟಿ, ಎತ್ತರದ ಸ್ಟೂಲಿನ ಮೇಲೆ ಕೂತು ಕಾಳು ಆಡಿಸುತ್ತಿದ್ದಳು. ಅವಳ ಹದಿಮೂರು ವರ್ಷದ ಮಗಳು ಉಷಾ ಮೇಜಿನ ಹತ್ತಿರ ಹೋಮ್‌ವರ್ಕ್ ಮಾಡುತ್ತಿತ್ತು.

"ಯಾಕ್ರಮ್ಮ ಈ ಕಷ್ಟ? ಈ ವರ್ಷ ಬೇಡ ಅಂದಿದ್ನಲ್ಲ" ಎಂದೆ.

"ಮಾತು ಕೊಟ್ಟೀನ್ರಿ."

"ಮಾತು ನಾನು ಕೇಳ್ತಾ ಇಲ್ವಲ್ಲ."

ಅವಳು ಪರಾತದಿಂದ ಕಣ್ಣು ತೆಗೆಯದೆ ಹೇಳಿದಳು: "ಹಂಗಲ್ರಿ ಅಮ್ಮಾರ. ಇದೊಂದು ಆಗ್ಲಿಲ್ಲಂದ್ರ ನನ್ನ ಕೈ ಹೋತು ಅಂತ ತಿಳ್ಕೋತೀನಿ. ಆಗಿಬಿಟ್ರ, ಐತಿ ಅಂತ."

ಅಷ್ಟು ತಿಂಗಳಲ್ಲಿ ಅವಳ ಬಾಯಿಂದ ಬಂದ ಉದ್ದನೆಯ ಮಾತು ಅದೇ. ನಾನು ಸಾರಿನ ಪಾತ್ರೆ ಮೇಜಿನ ಮೇಲಿಟ್ಟು ಕೂತೆ. ಸ್ವಲ್ಪ ಹೊತ್ತಿಗೆ ಸಕ್ಕರೆ ಸೀದ ವಾಸನೆ ಬಂತು. ನೋಡಿದರೆ ಕಾಳು ಕಂದುಬಣ್ಣಕ್ಕೆ ತಿರುಗಿತ್ತು, ಅವಳ ಬೆರಳುಗಳು ಅದರಲ್ಲೇ ಆಡುತ್ತಿದ್ದವು.

"ಬೆರಳು! ಬೆರಳು ತೆಗೀರಿ!"

ಅವಳು ಕೈ ಎತ್ತಿ, ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡಳು. ಮೂರು ಬೆರಳಲ್ಲಿ ಬೊಬ್ಬೆ. ಉಷಾ ಓಡಿ ಬಂದು ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿಯಿತು. "ಅಮ್ಮಾ, ಗೊತ್ತಾಗ್ಲಿಲ್ವಾ? ಯು ಡಿಡಂಟ್ ಫೀಲ್ ಎನಿಥಿಂಗ್?"

"ಏನೂ ಇಲ್ಲ" ಎಂದಳು ಶ್ರೀದೇವಿ.

ಸಂಜೆ ಕರಬಸಪ್ಪ ಬೈಯಲಿಲ್ಲ. ಪರಾತ ತೊಳೆದು, ಟವೆಲಿನಲ್ಲಿ ಸುತ್ತಿ ಕಾರಿನ ಟ್ರಂಕಿನಲ್ಲಿಟ್ಟರು. ಮನೆಯಲ್ಲಿದ್ದರೆ ತಾನು ಆಫೀಸಿಗೆ ಹೋದಾಗ ಮತ್ತೆ ಒಲೆಗೆ ಇಡುತ್ತಾಳೆಂದು. ಸೋಮವಾರದಿಂದ ಪರಾತ ಅವರ ಜೊತೆ ದಿನಾ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಆಫೀಸುಗಳ ಬಡಾವಣೆಗೆ ಕೆಲಸಕ್ಕೆ ಹೋಗಿ ಬರುತ್ತಿತ್ತು. ಅವರ ಕಾರು ನಮ್ಮ ಮನೆ ಮುಂದೆ ತಿರುಗುವಾಗ ಒಳಗೆ ಠಣ್ ಎನ್ನುವುದು ನನಗೂ ಕೇಳುತ್ತಿತ್ತು. ಊರ್ಮಿಳಾ ಶ್ರೀದೇವಿಗೆ ಫೋನ್ ಮಾಡಿ, "ಅಕ್ಕ, ಸ್ಟೋರಲ್ಲಿ ಕುಸುರೆಳ್ಳು ಪ್ಯಾಕೆಟ್ ಸಿಗತ್ತೆ, ತಂದ್ಬಿಡ್ತೀನಿ. ನೀವು ಟೆನ್ಷನ್ ಮಾಡ್ಕೋಬೇಡಿ" ಎಂದಳು. ಆ ಕಡೆಯಿಂದ "ಹೂಂ" ಎಂದು ಮಾತ್ರ ಬಂತು.

ಬುಧವಾರ ಮಧ್ಯಾಹ್ನ ಅವಳೇ ನಮ್ಮ ಮನೆಗೆ ಬಂದಳು. ಮೂರು ಬೆರಳಿಗೆ ಪಟ್ಟಿ. ಮಗುವಿನ ಪಕ್ಕ ಕೂತಳು, ಎತ್ತಿಕೊಳ್ಳಲಿಲ್ಲ. ಜಾರೀತೆಂಬ ಹೆದರಿಕೆ. ಊರ್ಮಿಳಾ ಹಾಲಿನ ಬಾಟಲಿ ಬಿಸಿ ಮಾಡಿ ತಂದಳು. ಎಲ್ಲ ತಾಯಂದಿರೂ ಮಾಡುವಂತೆ ಬಾಟಲಿ ಬಗ್ಗಿಸಿ ಮಣಿಕಟ್ಟಿನ ಒಳಭಾಗಕ್ಕೆ ಎರಡು ಹನಿ ಬಿಟ್ಟು ನೋಡಿಕೊಂಡಳು.

ಶ್ರೀದೇವಿ ಅದನ್ನೇ ನೋಡಿದಳು. "ನನಗೊಂದ್ ಹನಿ ಹಾಕು" ಎಂದು ಕೈ ಚಾಚಿದಳು.

ಕಿರುಬೆರಳಿಗೆ ಪಟ್ಟಿ ಇರಲಿಲ್ಲ. ಅದರ ತುದಿಗೆ ಬಿದ್ದದ್ದು ಅವಳಿಗೆ ತಿಳಿಯಲಿಲ್ಲ. ಮಣಿಕಟ್ಟಿಗೆ ಬಿದ್ದೊಡನೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಬಿಸಿ ಐತಿ."

"ಅಯ್ಯೋ, ಸಾರಿ ಅಕ್ಕ!"

"ಸಾರಿ ಯಾಕ? ಇನ್ನೊಂದ್ ಹಾಕು." ಹಾಗೆಯೇ ಐದಾರು ಹನಿ ಹಾಕಿಸಿಕೊಂಡಳು. ಮಗು ಹಸಿದು ಕಿರುಚತೊಡಗಿತು.

"ನಿಮ್ಮ ಟೆಸ್ಟಿಂಗಲ್ಲಿ ನನ್ನ ಮಗೂಗೆ ಹಾಲೇ ಉಳಿಯಲ್ಲ" ಎಂದು ಊರ್ಮಿಳಾ ನಕ್ಕಳು. ಶ್ರೀದೇವಿ ನಗಲಿಲ್ಲ, ಎದ್ದು ಮನೆಗೆ ಹೋದಳು.

ಅಂದು ಸಂಜೆ ಕರಬಸಪ್ಪ ಬರುವ ಹೊತ್ತಿಗೆ ನನ್ನನ್ನೂ ಕರೆಸಿಕೊಂಡಳು, ಸಾಕ್ಷಿಗೆ. ಅವರು ಕೋಟು ಬಿಚ್ಚುವ ಮೊದಲೇ, "ಪರಾತ ಕೊಡ್ರಿ. ಮಣಿಕಟ್ಟಿಗೆ ಕಾವು ತಿಳೀತೈತಿ" ಎಂದಳು.

"ಮಣಿಕಟ್ಟಿಲೆ ಎಳ್ಳ ಆಡಿಸ್ತೀಯೇನು?"

"ಆಡಸೂದು ಬೆರಳಿಲೆ. ನೋಡೂದು ಮಣಿಕಟ್ಟಿಲೆ. ಕಾದ್ರ ಉಷಾ ಒಲಿ ಆರಸ್ತಾಳ."

"ನಾನಾ?" ಎಂದು ಉಷಾ ತಲೆ ಎತ್ತಿತು. "ಅಮ್ಮಾ, ಇಟ್ಸ್ ಜಸ್ಟ್ ಕ್ಯಾಂಡಿ!"

ಕರಬಸಪ್ಪ ನನ್ನ ಮುಖ ನೋಡಿದರು. ನಾನು, "ನಾನೂ ಕೂತಿರ್ತೀನಿ, ಕೊಡಿ" ಎಂದೆ. ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಟ್ರಂಕ್ ತೆಗೆದ ಸದ್ದಾಯಿತು.

ಬೊಬ್ಬೆ ಆರಲು ಇನ್ನೆರಡು ದಿನ ಬಿಟ್ಟು, ಶನಿವಾರ ಬೆಳಕು ಹರಿಯುವ ಮುನ್ನ ಶುರು ಮಾಡಿದೆವು. ಹೀಟರಿನ ಗಾಳಿ ತಾಗಬಾರದೆಂದು ಅದು ಬರುವ ನೆಲದ ಜಾಲರಿಯ ಮೇಲೆ ಶ್ರೀದೇವಿ ಪುಸ್ತಕವಿಟ್ಟು ಮುಚ್ಚಿದಳು. ಪಾಕ ಬಿಡುವುದು, ಚಮಚದಲ್ಲಿ ನಾಲ್ಕು ಕಾಳು ತೆಗೆದು ಮಣಿಕಟ್ಟಿಗೆ ಇಡುವುದು, "ಆರಸು" ಎನ್ನುವುದು, ಉಷಾ ಒಲೆ ತಿರುಗಿಸುವುದು. ಮತ್ತೆ "ಹಚ್ಚು." ಶನಿವಾರವೆಲ್ಲ ಹೀಗೇ ಹೋಯಿತು. ಒಂದು ಕಾಳೂ ಸೀಯಲಿಲ್ಲ. ಭಾನುವಾರವೂ ಸೀಯಲಿಲ್ಲ. ಸಂಕ್ರಾಂತಿ ಮಂಗಳವಾರ.

ಸೋಮವಾರ ಉಷಾ ಸ್ಕೂಲಿನಿಂದ ಬರುವ ಹೊತ್ತಿಗೆ ಶ್ರೀದೇವಿ ಪರಾತವನ್ನು ನನ್ನ ಕಡೆ ತಿರುಗಿಸಿದಳು. "ನನ್ನ ಕಣ್ಣು ಮಂಜು. ಮುಳ್ಳು ಬಂದಾವೇನ್ರಿ?"

ನಾನು ಬೆರಳಾಡಿಸಿದೆ. ಕಾಳು ಬೆಳ್ಳಗೆ, ದುಂಡಗೆ, ಮುತ್ತಿನಂತೆ ನುಣ್ಣಗಿತ್ತು. ಬಂದಿದೆ ಎನ್ನೋಣ ಅನ್ನಿಸಿತು. ತೊಡುವುದು ಆರು ತಿಂಗಳ ಮಗು, ಕೇಳುವವರು ಯಾರು? ಆದರೆ ಅವಳು ಕೇಳಿದ್ದು ಮಗುವಿಗಾಗಿ ಅಲ್ಲವಲ್ಲ.

"ಇಲ್ಲ ಕಣಮ್ಮ. ನುಣ್ಣಗಿದೆ. ನೀವು ಒತ್ತಿ ಆಡಿಸ್ತಾ ಇದ್ದೀರ, ಏಳೋ ಮುಳ್ಳು ಅಲ್ಲೇ ಮುರೀತಾ ಇದೆ."

"ಒತ್ತತೀನಿ ಅನ್ನೂದ ಗೊತ್ತಾಗೂದಿಲ್ರಿ" ಎಂದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಎದ್ದು ಕೈ ತೊಳೆದು, ಒರೆಸಿಕೊಂಡು, ಬಂದು ಅದೇ ಸ್ಟೂಲಿನ ಮೇಲೆ ಕೂತಳು. ಕಿಟಕಿಯ ಹೊರಗೆ ಹಳದಿ ಬಸ್ಸು ನಿಂತು ಉಷಾ ಇಳಿಯಿತು.

ಬ್ಯಾಗು ಇಳಿಸುವ ಮೊದಲೇ ಶ್ರೀದೇವಿ ಹೇಳಿದಳು: "ಕೈ ತೊಳ್ಕೊಂಡು ಬಾ. ಅರ್ಧ ಕಾಳು ನೀ ಆಡಸು."

"ನಂಗೆ ಬರಲ್ಲ ಅಮ್ಮಾ."

"ಮುಟ್ಟಿದಂಗ ಇರಬೇಕು, ಮುಟ್ಟಬಾರ್ದು. ಕಾವು ನಾ ನೋಡ್ತೀನಿ."

ಮೊದಲು ಮುಖ ಗಂಟು ಹಾಕಿಕೊಂಡ ಉಷಾ ಆಮೇಲೆ ಮಾತು ನಿಲ್ಲಿಸಿತು. ಅಮ್ಮ ಮಣಿಕಟ್ಟಿನಿಂದ ಕಾವು ನೋಡಿ "ಆರಸು" ಎನ್ನುವಳು, ನಾನು ಒಲೆ ತಿರುಗಿಸುವೆ, ಹುಡುಗಿಯ ಬೆರಳು ಗಾಳಿಯಂತೆ ಆಡುವುದು. ಕತ್ತಲಾಗುವ ಹೊತ್ತಿಗೆ ಉಷಾ ಕೈ ಎತ್ತಿ, "ಅಜ್ಜಿ, ಇಟ್ಸ್ ಪೋಕಿಂಗ್ ಮೀ!" ಎಂದು ಕೂಗಿತು. ಬಗ್ಗಿ ನೋಡಿದೆ. ಸಣ್ಣದು, ಆದರೆ ಮುಳ್ಳೇ.

ಮಂಗಳವಾರ ಸಂಜೆ ಮಗುವನ್ನು ಕೂರಿಸಿ ತಲೆಯ ಮೇಲೆ ಎಲಚಿಹಣ್ಣು ಎರೆದೆವು. ಎಲಚಿ ಸಿಗದೆ ದ್ರಾಕ್ಷಿ, ಕಬ್ಬಿನ ಚೂರು, ಎಳ್ಳು. ಶ್ರೀದೇವಿಯ ನುಣ್ಣನೆಯ ಕಾಳಿನಿಂದ ಸರವಾಗಿತ್ತು, ಉಷಾಳ ಕಾಳಿನಿಂದ ಎರಡು ಬಳೆ. ಕಿರೀಟಕ್ಕೂ ಸೊಂಟಪಟ್ಟಿಗೂ ಸಮಯವಿರಲಿಲ್ಲ. ಕುಣಿಕೆಗಳನ್ನು ಹಾಕಿದ್ದು ಊರ್ಮಿಳಾ ಮತ್ತು ನಾನು. ಕರಬಸಪ್ಪ, "ಡಜನ್ ಆತು, ಇನ್ನ ಅಂಗಡಿ ಬಂದ್ ಮಾಡ್ರಿ" ಎಂದು ಫೋಟೊ ತೆಗೆದರು.

"ಐ ಆಮ್ ನಾಟ್ ಡೂಯಿಂಗ್ ದಿಸ್ ಎವ್ರಿ ಇಯರ್" ಎಂದಿತು ಉಷಾ.

"ಯಾರ್ ಮಾಡಂದ್ರು ನಿನಗ?" ಎಂದಳು ಶ್ರೀದೇವಿ.

ಮಗು ಬಳೆಯನ್ನು ಬಾಯಿಗಿಟ್ಟಿತು. ದಾರದಿಂದ ಒಂದು ಕಾಳು ಕಳಚಿ ಚಾಪೆಯ ಮೇಲೆ ಬಿತ್ತು. ಶ್ರೀದೇವಿ ಅದನ್ನು ಹೆಕ್ಕಲು ನೋಡಿದಳು, ಬೆರಳಿಗೆ ಸಿಗಲಿಲ್ಲ. ಉಷಾ ಹೆಕ್ಕಿ ಕೊಡಹೋದರೆ ತಡೆದು, ಅಂಗೈಯಿಂದ ಒತ್ತಿ ಅಂಟಿಸಿಕೊಂಡು ಮೇಲೆತ್ತಿದಳು. ಅದನ್ನು ಕೆಳತುಟಿಗೆ ತಾಗಿಸಿ ಹಿಡಿದಳು.

"ಚುಚ್ಚತೈತಿ" ಎಂದಳು.

ಆಮೇಲೆ ನನ್ನ ಕಡೆ ತಿರುಗಿ, ಮನೆಯಲ್ಲಿ ಸಕ್ಕರೆ ಮುಗಿದಿದೆ ಎನ್ನುವ ದನಿಯಲ್ಲಿ, "ಬೆರಳು ಹೋಗ್ಯಾವ್ರಿ ಅಮ್ಮಾರ. ಮಣಿಕಟ್ಟು ಐತಿ" ಎಂದಳು. ಕಾಳನ್ನು ಬಾಯಿಗೆ ಹಾಕಿಕೊಂಡಳು.

ಮರುದಿನ ಸಾರಿನ ಪಾತ್ರೆ ತರಲು ಹೋದಾಗ ಅವಳು ಟಿವಿಯ ಮುಂದೆ ಕೂತಿದ್ದಳು. "ಕೂಡ್ರಿ" ಎಂದಳು. ಪರಾತ ತೊಳೆದು ಬೋರಲು ಹಾಕಿ ಫ್ರಿಜ್ಜಿನ ಮೇಲಿಟ್ಟಿತ್ತು. ಗ್ಯಾರೇಜಿಗೂ ಹೋಗಿರಲಿಲ್ಲ, ಕಾರಿಗೂ ಹೋಗಿರಲಿಲ್ಲ.