ಭಾಗಣ್ಣನ ಬೇವಿನ ಕಟ್ಟಿಗಿ
ಶಹಾಪುರದಾಗ ನಮ್ಮ ಓಣಿಗೆ ಯಾರೇ ಬರಲಿ, ಮೊದಲು ಎಡವೋದು ಭಾಗಣ್ಣನ ಬೇವಿನ ಕಟ್ಟಿಗಿಗೇ. ಮಗಳು ಕಲ್ಪನಾಳ ಮದುವಿ ಹಂದರಕ್ಕ ಅಡ್ಡ ಬರ್ತದಂತ ಅಂಗಳದ ಮರ ತಾನೇ ನಿಂತು ಕಡಿಸಿದ ಪುಣ್ಯಾತ್ಮ. ಮದುವಿ ಮುಗೀತು, ಬ್ಯಾಸಗಿನೂ ಹೋತು, ಒಂದು ತುಂಡು ಯಾರಿಗೂ ಕೊಟ್ಟಿಲ್ಲ. ಮುಂಜಾನಿ ಚಾ ಕುಡಿಯುವಾಗ ಅದು ಅವನ ಮಾತಿನಾಗ ಬಾಗಿಲ ಚೌಕಟ್ಟು, ಊಟದ ಹೊತ್ತಿಗೆ ಹೊರಸಿನ ಕಾಲು, ಸಂಜಿಗೆ ಯಾರರ ಬಂದು ಕೇಳಿದರ ಅವರ ಮನಿ ಕುರ್ಚಿ. "ನಿಮಗಲ್ದ ಇನ್ಯಾರಿಗೆ ಕೊಡ್ಲಿರಿ? ಆದ್ರ ಇನ್ನಾ ಹಸಿ ಅದ, ಒಣಗಲಿ." ಹೆಂಡತಿ ಸುಗಲಮ್ಮ ಒಲಿಗೆ ಒಂದು ಚಕ್ಕಿ ಎತ್ತಿದರೂ, "ಏ, ಹೊಗಿ ಹಾಕ್ತದ, ಹಸಿ ಅದ!" ಅಂತ ಓಡಿ ಬರ್ತಾನ. ನಮ್ಮ ಕಡೀ ಬಿಸಿಲಿಗೆ ಕಲ್ಲೂ ಸೀಳ್ತಾವ, ಅವನ ಕಟ್ಟಿಗಿ ಮಾತ್ರ ಒಣಗಂಗಿಲ್ಲ. ಬಡಿಗೇರ ಬಾಲರಾಜ ಗರಗಸ ತಂದಾಗೆಲ್ಲಾ ಚಾ ಕುಡಿದು, ಜಗಳಾಡಿ ವಾಪಸ್ ಹೋಗ್ತಾನ. ಮೊನ್ನೆ ಪಂಚಮಿಗೆ ತವರಿಗೆ ಬಂದ ಕಲ್ಪನಾ ಹಗ್ಗ ಹಿಡಕೊಂಡು ಅಂಗಳದಾಗ ನಿಂತು, "ಅಪ್ಪಾ, ಈ ಸಲ ಜೋಕಾಲಿ ಎಲ್ಲಿ ಕಟ್ಟೋದು?" ಅಂದಳು. ಭಾಗಣ್ಣ ಆ ಹಗ್ಗ ಇಸಗೊಂಡು ಒಳಗ ಹೋದ. ಮರುದಿನ ಬಾಲರಾಜ ಎಲ್ಲಕ್ಕೂ ದಪ್ಪನ ಟೊಂಗಿ ಬಡಿದು, "ಕೇಳ್ರಿ, ಟಣ್ ಅಂತದ! ಇನ್ನೆಷ್ಟು ಒಣಗಬೇಕ್ರಿ?" ಅಂತ ಗರಗಸ ಇಟ್ಟ. ಭಾಗಣ್ಣ ಅದರ ಮ್ಯಾಲೆ ಕೈ ಅಡ್ಡ ಹಿಡಿದ. ಅವನ ಬೆರಳು ನಿಂತಲ್ಲಿ, ವರ್ಷಾ ವರ್ಷಾ ಜೋಕಾಲಿ ಹಗ್ಗ ತಿಕ್ಕಿ ಬಿದ್ದ ಎರಡು ತಗ್ಗು ನುಣ್ಣಗ ಹೊಳೀತಿದ್ದವು. ಬಾಲರಾಜ ನೋಡಿದ, ಗರಗಸ ಹೆಗಲಿಗೇರಿಸಿದ. "ಹೌದ್ರಿ ಭಾಗಣ್ಣಾ," ಅಂದ, "ಇನ್ನಾ ಹಸಿ ಅದ."