ಟರ್ಬೋ ಸಿಳ್ಳೆ

ನಾನು ದನಗಳ ಡಾಕ್ಟರು. ಕೆಲಸ ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ, ಮನೆ ಹುಣಸೂರಿನಲ್ಲಿ. ಓಡಾಡಲು ಒಂದು ಹಳೆಯ ಡೀಸೆಲ್ ಕಾರಿದೆ. ನೋಡಲು ಸಾಧು, ಬಾನೆಟ್ ಎತ್ತಿದರೆ ಅದರ ಬಂಡವಾಳ ಬಯಲಾಗುತ್ತದೆ. ಲಾರಿ ಓಡಿಸುವುದನ್ನು ನಿಲ್ಲಿಸಿ ಮನೆಯಲ್ಲಿ ಕೂತ ಅಪ್ಪ, ಕೈ ಸುಮ್ಮನಿರದೆ, ಪರಿಚಯದ ಮೆಕ್ಯಾನಿಕ್ ಒಬ್ಬನನ್ನು ಹಿಡಿದು ಅದಕ್ಕೆ ದೊಡ್ಡ ಟರ್ಬೋ ಹಾಕಿಸಿದ್ದ. ಎಂಜಿನ್ನಿನ ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ, ಎಂಜಿನ್ನಿಗೆ ಇನ್ನಷ್ಟು ಗಾಳಿ ಒತ್ತಿ ತುಂಬುವ ಸಾಧನ ಅದು. ಆ ಚಕ್ರ ಜೋರಾದಾಗ ಸಣ್ಣಗೆ ಸಿಳ್ಳೆ ಹೊಡೆಯುತ್ತದೆ. ಅಪ್ಪನಿಗೆ ಆ ಸಿಳ್ಳೆ ಎಂದರೆ ಪ್ರಾಣ.

ಪಿರಿಯಾಪಟ್ಟಣದಿಂದ ಹೊಗೆಸೊಪ್ಪು ಹೇರಿಕೊಂಡು ಓಡಾಡಿದ ಕಾಲದಲ್ಲಿ, ಲಾರಿಯ ಎಂಥ ಕಾಯಿಲೆಯನ್ನೂ ಅಪ್ಪ ಕಿವಿಯಲ್ಲೇ ಹಿಡಿಯುತ್ತಿದ್ದ. ಬೇರೆ ಡ್ರೈವರುಗಳು ನಮ್ಮ ಮನೆ ಮುಂದೆ ಗಾಡಿ ತಂದು ನಿಲ್ಲಿಸಿ, "ವಸಿ ಕೇಳಣ್ಣ" ಎನ್ನುತ್ತಿದ್ದರು. ನೋಡಣ್ಣ ಎಂದವರನ್ನು ನಾನು ಕಾಣೆ.

ಕಳೆದ ಮಳೆಗಾಲ ಮುಗಿದ ಮೇಲೆ ಕಾರಿಗೊಂದು ರೋಗ ಶುರುವಾಯಿತು. ಏರು ಹತ್ತುವಾಗ ಚೆನ್ನಾಗಿಯೇ ಎಳೆಯುತ್ತಿದ್ದದ್ದು ಇದ್ದಕ್ಕಿದ್ದಂತೆ ಶಕ್ತಿಯೆಲ್ಲ ಬಿಟ್ಟು ತೆವಳುವುದು. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲವೇನೋ ಎಂಬಂತೆ ಹೊರಡುವುದು. ಟರ್ಬೋದ ಒತ್ತಡ ತೋರಿಸಲೆಂದು ಸ್ಟೇರಿಂಗ್ ಪಕ್ಕ ಒಂದು ಮೀಟರ್ ಕೂರಿಸಿ, ಇಷ್ಟು ಸಾಕು ಎಂದು ಅಪ್ಪ ಅದರ ಮೇಲೆ ಕೆಂಪು ಗೆರೆ ಎಳೆದಿದ್ದ. ಮುಳ್ಳು ಆ ಗೆರೆ ದಾಟಿ ಹಾರಿದಾಗಲೆಲ್ಲ ಹೀಗಾಗುತ್ತಿತ್ತು. ಒತ್ತಡ ಹೆಚ್ಚಾಗಿ, ಕಾರು ಹೆದರಿ ತಾನೇ ಶಕ್ತಿ ಇಳಿಸಿಕೊಳ್ಳುತ್ತಿದೆ ಎಂಬುದು ನನ್ನ ಅಂದಾಜು.

"ಎಚ್ಚಲ್ಲ ಕಣವ್ವ, ಕಮ್ಮಿ" ಅಂದ ಅಪ್ಪ. "ವಿಷಲ್ಲೇ ಬತ್ತಾ ಇಲ್ಲ. ಗಾಳಿ ಎಲ್ಲೋ ಸೋರ್ತಾ ಅದೆ."

"ಮುಳ್ಳು ಮೇಲಕ್ಕೆ ಹೋಗ್ತಾ ಇದೆಯಲ್ಲಪ್ಪ?"

"ಮುಳ್ಳು ಸುಳ್ಳೇಳ್ತದೆ. ನನ್ ಕಿವಿ ಸುಳ್ಳೇಳ್ತದಾ?"

ಸಿಳ್ಳೆ ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ನನ್ನ ಬಾಯಿಗೆ ಬೀಗವಿಲ್ಲ, ಹೇಳಿಯೂ ಬಿಟ್ಟೆ. ಅದು ಟೈರಿನ ಸದ್ದು ಎಂದು ಅಪ್ಪ ತಳ್ಳಿಹಾಕಿದ. ರಜೆ ಬಂದಾಗಲೆಲ್ಲ ನಮ್ಮಿಬ್ಬರಿಗೂ ಅದೇ ಕೆಲಸವಾಯಿತು. ಗಾಳಿ ಹೋಗುವ ದಪ್ಪ ಪೈಪುಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಕಾದೆವು. ಕ್ಲಿಪ್ಪುಗಳನ್ನೆಲ್ಲ ಬಿಗಿ ಮಾಡಿದೆವು. ಗಟ್ಟಿಮುಟ್ಟಾಗಿದ್ದ ಒಂದು ಪೈಪನ್ನು ಕಿತ್ತು ಹೊಸದು ಹಾಕಿದೆವು. ಕಾರು ಮಾತ್ರ ಏರಿನಲ್ಲಿ ಹಳೆಯ ಚಾಳಿ ಬಿಡಲಿಲ್ಲ. "ನಿನ್ನ ಹಟಕ್ಕೆ ನನ್ನ ಭಾನುವಾರವೆಲ್ಲ ಹಾಳಾಯ್ತು" ಎಂದು ಅಪ್ಪನ ಮೇಲೆ ರೇಗಿದೆ.

ಒಂದು ಸಂಜೆ ಹಂಪಾಪುರದಿಂದ ಬಂದು ಕಾರು ನಿಲ್ಲಿಸುವಾಗ, ನಮ್ಮ ಮನೆಯ ಟೀವಿ ಬೀದಿಗೆಲ್ಲ ಸುದ್ದಿ ಓದುತ್ತಿತ್ತು. ಅವ್ವ ಹೊರಗೆ ಜಗಲಿಯ ಮೇಲೆ ಕೂತಿದ್ದಳು. "ನಿಮ್ಮಪ್ಪನ ಟೀವಿಗೆ ಒಳಗೆ ಕೂರಕಾಯ್ತದಾ? ತಲೆ ಸಿಡೀತದೆ" ಅಂದಳು. ಆಗ ತಿಳಿಯಿತು. ಸಿಳ್ಳೆ ಎಲ್ಲಿಯೂ ಹೋಗಿರಲಿಲ್ಲ. ಅಪ್ಪನಿಗೆ ಅದು ಕೇಳುತ್ತಿರಲಿಲ್ಲ.

ಅಷ್ಟು ದಿನದ ಸಿಟ್ಟೆಲ್ಲ ಜರ್ರನೆ ಇಳಿದು ಅಳು ಬಂತು. ಹಸು ಗಬ್ಬ ನಿಂತಿಲ್ಲ ಎಂದು ಅದರ ಒಡೆಯನ ಮುಖಕ್ಕೆ ಹೇಳಿ ಅಭ್ಯಾಸವಿರುವವಳು ನಾನು. ಅಪ್ಪನಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಬೇರೆಯವರಿಗೆ ಕಿವಿ ಮಂದವಾದರೆ ಮಂದವಾಯಿತು, ಅಷ್ಟೆ. ಅಪ್ಪನನ್ನು ನಾಲ್ಕು ಜನ ಹುಡುಕಿಕೊಂಡು ಬರುತ್ತಿದ್ದದ್ದೇ ಆ ಕಿವಿಗಾಗಿ.

ಮುಂದಿನ ಭಾನುವಾರ ಬಾನೆಟ್ ಎತ್ತಿದಾಗ, ಚೀಲದಿಂದ ನನ್ನ ಸ್ಟೆತಾಸ್ಕೋಪ್ ತೆಗೆದು ಕೊಟ್ಟೆ. ಸಣ್ಣ ಸೋರಿಕೆಯೂ ಇದರಲ್ಲಿ ಸಿಗುತ್ತದೆ ಎಂದೆ.

"ಎಮ್ಮೆ ಒಟ್ಟೇಗಿಡೋದ ನನ್ ಕಿವೀಗಿಡ್ತೀಯಾ?" ಎಂದು ನಗುತ್ತಲೇ ಕಿವಿಗೆ ಸಿಕ್ಕಿಸಿಕೊಂಡ. ಅದರ ಬಿಲ್ಲೆಯನ್ನು ದಪ್ಪ ಪೈಪಿನ ಮೇಲೆ ಒತ್ತಿ ಹಿಡಿದು, ಆಕ್ಸಿಲರೇಟರ್ ಕೊಡು ಎಂದು ಕೈ ಆಡಿಸಿದ. ನಾನು ಸೀಟಿನಲ್ಲಿ ಕೂತು ಕೊಟ್ಟೆ. ಇನ್ನಷ್ಟು ಎಂದು ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಸ್ಟೆತಾಸ್ಕೋಪ್ ತೆಗೆದು ಬರಿಗಿವಿಯಲ್ಲಿ ಕೇಳಿದ. ಮತ್ತೆ ಸಿಕ್ಕಿಸಿಕೊಂಡು ಕೇಳಿದ. ಆಮೇಲೆ ಬಾನೆಟ್ಟಿನ ಪಕ್ಕದಿಂದ ಇಣುಕಿ ನನ್ನನ್ನು ನೋಡಿದ.

"ವಿಷಲ್ಲು ಅದೆಯಲ್ಲವ್ವ."

"ಹೂಂ ಅಪ್ಪ."

"ಯಾವಾಗ್ಲೂ ಇತ್ತಾ?"

"ಇತ್ತು."

ಅಪ್ಪ ಬಟ್ಟೆ ತೆಗೆದುಕೊಂಡು, ಗ್ರೀಸೇ ಆಗಿರದ ಕೈಯನ್ನು ತುಂಬ ಹೊತ್ತು ಒರೆಸಿದ. ಇಳಿದು ಹೋಗಿ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ನಮ್ಮ ಮನೆಯಲ್ಲಿ ಅಂಥ ರೂಢಿಯಿಲ್ಲ.

"ಅಂಗಾರೆ ಮುಳ್ಳು ಸರ್ಯಾಗೇ ಏಳ್ತಾ ಇತ್ತು" ಅಂದ ಕೊನೆಗೆ. "ಕೊಡು ಇನ್ನೊಂದ್ಸಲ."

ಒತ್ತಡ ಸಾಕಾದಾಗ ಹೊಗೆಯನ್ನು ಪಕ್ಕಕ್ಕೆ ಬಿಟ್ಟುಬಿಡಲು ಟರ್ಬೋಗೆ ಒಂದು ಪುಟ್ಟ ಬಾಗಿಲಿದೆ. ತೆರೆದುಕೋ ಎಂದು ಆ ಬಾಗಿಲಿಗೆ ಸುದ್ದಿ ಮುಟ್ಟಿಸುವುದು, ಕಿರುಬೆರಳಿಗಿಂತ ತೆಳ್ಳಗಿನ ಒಂದು ರಬ್ಬರ್ ಪೈಪಿನೊಳಗಿನ ಗಾಳಿ. ದಪ್ಪ ಪೈಪುಗಳ ಗಲಾಟೆಯಲ್ಲಿ ನಾವು ಅದಕ್ಕೆ ಸೋಪಿನ ನೀರನ್ನೇ ಹಚ್ಚಿರಲಿಲ್ಲ. ಅಪ್ಪ ಬಿಲ್ಲೆಯನ್ನು ಅದರ ಮೇಲಿಟ್ಟು ಕೇಳಿದ, ಸಾಕು ಎಂದು ಕೈ ಮಾಡಿದ, ಪೈಪನ್ನು ಮೆಲ್ಲಗೆ ಬಗ್ಗಿಸಿದ. ಕ್ಲಿಪ್ಪಿನ ಬುಡದಲ್ಲಿ ಸಣ್ಣ ಸೀಳು ಬಾಯಿ ತೆರೆಯಿತು. ಸುದ್ದಿ ಅಲ್ಲೇ ಸೋರಿಹೋಗಿ, ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯದೆ, ಮುಳ್ಳು ಗೆರೆ ದಾಟುತ್ತಿತ್ತು.

ಹೊಸ ಪೈಪು ಕತ್ತರಿಸಿ ಹಾಕಿ ಬೆಟ್ಟದಪುರದ ಕಡೆಗೆ ಹೊರಟೆವು. ಏರು ಬಂತು. ಆಕ್ಸಿಲರೇಟರ್ ಒತ್ತಿದೆ. ಮುಳ್ಳು ಕೆಂಪು ಗೆರೆಯವರೆಗೆ ಹೋಗಿ ಅಲ್ಲೇ ನಿಂತಿತು. ಕಾರು ಎಲ್ಲಿಯೂ ಸೋಲದೆ ಎಳೆಯಿತು.

"ಗೆರೆ ದಾಟಲಿಲ್ಲ ಅಪ್ಪ!"

"ಮುಳ್ಳು ನಂಗೂ ಕಾಣ್ತದೆ ಬುಡು" ಅಂದ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ವಸಿ ಕೇಳವ್ವ."

ಕೇಳಿದೆ. ಎಡಗೈಯನ್ನು ಅವನ ಮೊಣಕಾಲಿನ ಮೇಲಿಟ್ಟು, ಸಿಳ್ಳೆ ಇರುವಷ್ಟು ಹೊತ್ತೂ ಒತ್ತಿ ಹಿಡಿದೆ. ಏರು ಮುಗಿದು ಸಿಳ್ಳೆ ನಿಂತಾಗ ಕೈ ತೆಗೆದೆ.

"ನಿಂತೋಯ್ತಾ?" ಅಂದ.

ಮುಂದಿನ ಏರು ಬರುವ ಮೊದಲೇ ನನ್ನ ಕೈ ಹಿಡಿದು ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡ.